ತೇಲುವ ತ್ರಿಕೋನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಫ್ಯಾನಿಲ್ಲ, ಮೋಟಾರಿಲ್ಲ, ಹೈ ವೋಲ್ಟೇಜ್ ಕೊಟ್ಟರೆ ಸುಮ್ಮನೆ ಮೇಲೇಳುವ ಫಾಯಿಲ್ ತ್ರಿಕೋನ. ‘ಲಿಫ್ಟರ್’ ಎಂದು ಕರೆಯುವ ಈ ಸಾಧನದ ಬಗ್ಗೆ ಬಂದ ಪತ್ರಗಳೇ ಈ ಸಲ ಹೆಚ್ಚು. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ. ಅಯಸ್ಕಾಂತದಿಂದ ತೇಲಿಸುವ ಪ್ರಶ್ನೆಗಳು ನಂತರ ಬರುತ್ತವೆ.

ಪ್ರಶ್ನೆ: ಬಾಲ್ಸಾ ಕಡ್ಡಿ, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ತೆಳು ತಂತಿ ಬಳಸಿ ಲಿಫ್ಟರ್ ಮಾಡಿದ್ದೇನೆ. ಸ್ವಿಚ್ ಹಾಕಿದರೆ ಚಟಚಟ ಕಿಡಿ ಹಾರುತ್ತದೆ, ಮೇಲೇಳುವುದಿಲ್ಲ. ಅಳತೆಗಳನ್ನೆಲ್ಲ ಒಮ್ಮೆ ಸರಿಯಾಗಿ ಹೇಳುವಿರಾ?

ಉತ್ತರ: ಕಿಡಿ ಹಾರುತ್ತಿದೆ ಎಂದರೆ ವೋಲ್ಟೇಜ್ ಸಾಕಷ್ಟಿದೆ, ಅದು ತಪ್ಪು ದಾರಿ ಹಿಡಿದಿದೆ. ಲಿಫ್ಟರ್‌ಗೆ ಬೇಕಾದದ್ದು ಕಿಡಿಯಲ್ಲ. ಕತ್ತಲಲ್ಲಿ ತಂತಿಯುದ್ದಕ್ಕೂ ಮಂಕಾಗಿ ಕಾಣುವ ನೇರಳೆ ಹೊಳಪು, ಅಂದರೆ ಕೊರೋನಾ. ಆ ಹೊಳಪಿನಲ್ಲಿ ಹುಟ್ಟಿದ ಅಯಾನುಗಳು (ಚಾರ್ಜ್ ಪಡೆದ ಗಾಳಿಯ ಕಣಗಳು) ಫಾಯಿಲ್ ಕಡೆಗೆ ಓಡುವಾಗ ದಾರಿಯಲ್ಲಿನ ಗಾಳಿಯ ಕಣಗಳಿಗೆ ಡಿಕ್ಕಿ ಹೊಡೆದು ಅವನ್ನೂ ಕೆಳಕ್ಕೆ ತಳ್ಳುತ್ತವೆ. ಗಾಳಿ ಕೆಳಗೆ, ಲಿಫ್ಟರ್ ಮೇಲೆ. ಕಿಡಿ ಬಿದ್ದ ಕ್ಷಣ ವೋಲ್ಟೇಜ್ ಕುಸಿದು ಈ ಗಾಳಿ ನಿಂತುಹೋಗುತ್ತದೆ.

ಮೊದಲ ಪ್ರಯತ್ನಕ್ಕೆ 20 ಸೆಂ.ಮೀ. ಬದಿಯ ಸಮಬಾಹು ತ್ರಿಕೋನವೇ ಒಳ್ಳೆಯದು. 2 ಮಿ.ಮೀ. ಚೌಕದ ಬಾಲ್ಸಾ ಕಡ್ಡಿಗಳಲ್ಲಿ 20 ಸೆಂ.ಮೀ.ನವು ಆರು, 11 ಸೆಂ.ಮೀ.ನವು ಮೂರು ಬೇಕು. ಉದ್ದನೆಯ ಕಡ್ಡಿಗಳಲ್ಲಿ ಒಂದರ ಮೇಲೊಂದು 4 ಸೆಂ.ಮೀ. ಅಂತರದಲ್ಲಿ ಎರಡು ತ್ರಿಕೋನ ಮಾಡಿ. ಚಿಕ್ಕ ಕಡ್ಡಿಗಳನ್ನು ಮೂಲೆಗಳಲ್ಲಿ ಕಂಬದಂತೆ ನಿಲ್ಲಿಸಿ. 4 ಸೆಂ.ಮೀ. ಎತ್ತರದ ಫಾಯಿಲ್ ಪಟ್ಟಿಯನ್ನು ಎರಡೂ ತ್ರಿಕೋನಗಳ ನಡುವೆ ಗೋಡೆಯಂತೆ ಸುತ್ತಿ. ಪಟ್ಟಿಯನ್ನು ಒಂದು ಸೆಂ.ಮೀ. ಹೆಚ್ಚು ಅಗಲವಾಗಿ ಕತ್ತರಿಸಿಕೊಂಡು, ಆ ಹೆಚ್ಚುವರಿ ಭಾಗವನ್ನು ಮೇಲಿನ ಕಡ್ಡಿಯ ಮೇಲೆ ಉರುಳಿಸಿದಂತೆ ಮಡಚಬೇಕು. ನಿಮ್ಮ ಕಿಡಿಯ ಮೂಲ ಬಹುತೇಕ ಇಲ್ಲೇ ಇದೆ. ಕತ್ತರಿ ಹಾಕಿದ ಅಂಚು ತಂತಿಯ ಕಡೆಗೆ ಮುಖ ಮಾಡಿದ್ದರೆ ಆ ಚೂಪಿನಲ್ಲೂ ಕೊರೋನಾ ಹುಟ್ಟುತ್ತದೆ, ಎದುರು ದಿಕ್ಕಿನಿಂದ ಅಯಾನು ಬರುತ್ತದೆ, ನಡುವೆ ಕಿಡಿಗೆ ದಾರಿ ತೆರೆಯುತ್ತದೆ. ಮಡಿಕೆಯನ್ನು ಬೆರಳುಗುರಿನ ಬೆನ್ನಿಂದ ತಿಕ್ಕಿ ನುಣುಪು ಮಾಡಿ. ಮೂರೂ ಮೂಲೆಗಳಲ್ಲಿ ಫಾಯಿಲ್‌ನ ಮೇಲಂಚನ್ನು ಅರ್ಧ ಸೆಂ.ಮೀ.ನಷ್ಟು ತಗ್ಗಿಸಿ ದುಂಡಾಗಿ ಬಗ್ಗಿಸಿದರೆ ಇನ್ನೂ ಒಳ್ಳೆಯದು. ಹೆಚ್ಚು ಕಿಡಿ ಬೀಳುವುದು ಮೂಲೆಗಳಲ್ಲೇ.

ತಂತಿ 0.1 ಮಿ.ಮೀ. ಇರಲಿ. ಸಣ್ಣ ರಿಲೇ ಕಾಯಿಲ್ ಬಿಚ್ಚಿದರೆ ಸಿಗುವ ಎನಾಮಲ್ ತಂತಿ ಸಾಕು, ಆದರೆ ಎನಾಮಲ್ ಕೆರೆದು ತೆಗೆಯಬೇಕು. ಫಾಯಿಲ್‌ನ ಮೇಲಂಚಿನಿಂದ 3 ಸೆಂ.ಮೀ. ಎತ್ತರದಲ್ಲಿ, ಕಂಬದಿಂದ ಕಂಬಕ್ಕೆ, ಜೋಲು ಬೀಳದಂತೆ ಎಳೆದು ಕಟ್ಟಿ. ಒಂದು ಬದಿಯಲ್ಲಿ ತಂತಿ 2 ಮಿ.ಮೀ. ಜೋತರೂ ಕಿಡಿಯೆಲ್ಲ ಅಲ್ಲೇ ಬೀಳುತ್ತದೆ. ತಂತಿ ಒಮ್ಮೆ ಮುರಿಮುರಿಯಾಗಿ ಮಡಚಿಕೊಂಡರೆ ಅದನ್ನು ಸರಿಮಾಡಲು ಹೋಗಬೇಡಿ, ಬದಲಾಯಿಸಿ.

ತೂಕದ ಲೆಕ್ಕ ನೋಡಿ. ಕಡ್ಡಿಗಳೆಲ್ಲ ಸೇರಿ ಸುಮಾರು 0.9 ಗ್ರಾಂ, ಫಾಯಿಲ್ 1 ಗ್ರಾಂ, ತಂತಿ 0.05 ಗ್ರಾಂ ಕೂಡ ಇಲ್ಲ. ಅಂಟು ಹನಿಹನಿಯಾಗಿ ಹಾಕಿದರೆ ಒಟ್ಟು 2.2 ಗ್ರಾಂ ಆಸುಪಾಸಿನಲ್ಲಿ ನಿಲ್ಲುತ್ತದೆ. ಧಾರಾಳವಾಗಿ ಸುರಿದರೆ ಅಂಟೇ ಒಂದು ಗ್ರಾಂ ಆದೀತು, ಆಗ ಮೇಲೇಳುವ ಆಸೆ ಬಿಡಬೇಕು. ಬಿಸಿ ಅಂಟಿನ ಗನ್ ಈ ಕೆಲಸಕ್ಕೆ ಬೇಡವೇ ಬೇಡ.

ತಂತಿಗೆ ಪಾಸಿಟಿವ್, ಫಾಯಿಲ್‌ಗೆ ಅರ್ತ್. 15 ಕಿಲೋವೋಲ್ಟ್‌ನಿಂದ ಶುರುಮಾಡಿ ಮೆಲ್ಲಗೆ ಏರಿಸಿ. 3 ಸೆಂ.ಮೀ. ಅಂತರದ, ನೀಟಾಗಿ ಕಟ್ಟಿದ ಲಿಫ್ಟರ್ 25 ಕಿಲೋವೋಲ್ಟ್ ಹತ್ತಿರ ನೆಲ ಬಿಡಬೇಕು. ಏಳುವಾಗ ಓರೆಯಾಗಿ ಹಾರಿಹೋಗದಂತೆ ಮೂರು ಮೂಲೆಗೂ ನೈಲಾನ್ ದಾರ ಕಟ್ಟಿ ಮೇಜಿಗೆ ಅಂಟಿಸಿ. ಹತ್ತಿ ದಾರ ಬೇಡ, ಅದು ತೇವ ಹೀರುತ್ತದೆ.

ತೇವದ ಮಾತು ಬಂತು, ಇದನ್ನೂ ಹೇಳಿಬಿಡುತ್ತೇವೆ. ಮಳೆ ಹಿಡಿದ ದಿನ ಬಾಲ್ಸಾ ಕಂಬಗಳೇ ಮೇಲಿನಿಂದ ಕೆಳಕ್ಕೆ ಕರೆಂಟ್ ಸೋರಿಸುತ್ತವೆ. ಮೀಟರಿನಲ್ಲಿ ಕರೆಂಟ್ ಜಾಸ್ತಿ, ಮೇಲೆತ್ತುವ ಬಲ ಮಾತ್ರ ಕಡಿಮೆ ಎಂದಾದರೆ ಅನುಮಾನ ಮೊದಲು ಕಂಬದ ಮೇಲಿರಲಿ. ಹೇರ್ ಡ್ರೈಯರ್‌ನಿಂದ ಐದು ನಿಮಿಷ ಒಣಗಿಸಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಹೈ ವೋಲ್ಟೇಜ್ ಎಲ್ಲಿಂದ ತರುವುದು? ಹಳೆಯ ಮೈಕ್ರೋವೇವ್ ಓವನ್‌ನ ಟ್ರಾನ್ಸ್‌ಫಾರ್ಮರ್ ಇದೆ, ಆಗುತ್ತದೆಯೇ?

ಉತ್ತರ: ಬೇಡ. ಅದರಿಂದ ಬರುವುದು ಸುಮಾರು 2,000 ವೋಲ್ಟ್, 3 ಸೆಂ.ಮೀ. ಅಂತರದಲ್ಲಿ ಕೊರೋನಾ ಹುಟ್ಟಿಸಲು ಅದು ಸಾಲದು. ಆದರೆ ಅದು ಕೊಡಬಲ್ಲ ಕರೆಂಟ್ ನೂರಾರು ಮಿಲಿಆಂಪಿಯರ್. ಒಮ್ಮೆ ತಗುಲಿದರೆ ಎರಡನೆಯ ಅವಕಾಶ ಇರುವುದಿಲ್ಲ. ಕೆಲಸಕ್ಕೂ ಬಾರದ, ಜೀವಕ್ಕೂ ಎರವಾಗುವ ವಸ್ತು.

ಬಳಕೆಯಲ್ಲಿರುವುದು ಹಳೆಯ ಪಿಕ್ಚರ್ ಟ್ಯೂಬ್ ಟಿವಿಗಳ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್. ಬಿಡಿಯಾಗಿ ತೆಗೆದುಕೊಳ್ಳಿ. ಟಿವಿಯೊಳಗೆ ಕೈ ಹಾಕಿ ಕೀಳಬೇಡಿ, ಆ ಟ್ಯೂಬ್ ಸ್ವಿಚ್ ತೆಗೆದ ಮೇಲೂ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತದೆ. ಈಚಿನ ಫ್ಲೈಬ್ಯಾಕ್‌ಗಳೊಳಗೆ ಡಯೋಡ್ ಸರಣಿ ಸೇರಿಯೇ ಇರುವುದರಿಂದ ದಪ್ಪ ಕೆಂಪು ಕೇಬಲ್‌ನಲ್ಲಿ ನೇರವಾಗಿ ಡಿಸಿ ಬರುತ್ತದೆ. ಅದರ ವಾಪಸ್ ಪಿನ್ (ಫಾಯಿಲ್ ಮತ್ತು ಅರ್ತ್ ಕಡೆಗೆ ಸೇರಬೇಕಾದ ತುದಿ) ಯಾವುದೆಂದು ಹುಡುಕುವಲ್ಲಿ ಎಲ್ಲರೂ ಎಡವುತ್ತಾರೆ. ಮಲ್ಟಿಮೀಟರಿನ ಡಯೋಡ್ ಟೆಸ್ಟ್‌ಗೆ ಅದು ಸಿಗುವುದಿಲ್ಲ. ಒಳಗಿನ ಡಯೋಡ್‌ಗಳು ಸಾಲಾಗಿರುವುದರಿಂದ ಅವು ತೆರೆದುಕೊಳ್ಳಲು ಮೀಟರಿನ ಎರಡು ಮೂರು ವೋಲ್ಟ್ ಸಾಲುವುದಿಲ್ಲ. 9 ವೋಲ್ಟ್ ಬ್ಯಾಟರಿ ಮೂರು ಅಥವಾ ನಾಲ್ಕನ್ನು ಸಾಲಾಗಿ ಜೋಡಿಸಿ, ಅದರ ನೆಗೆಟಿವ್ ಅನ್ನು ಕೆಂಪು ಕೇಬಲ್‌ಗೆ ಕೊಟ್ಟು, ಪಾಸಿಟಿವ್ ಅನ್ನು ವೋಲ್ಟ್‌ಮೀಟರ್ ಮೂಲಕ ಒಂದೊಂದೇ ಪಿನ್‌ಗೆ ಮುಟ್ಟಿಸಿ. ಎಲ್ಲಕ್ಕಿಂತ ಹೆಚ್ಚು ಓದು ತೋರಿಸುವ ಪಿನ್ನೇ ವಾಪಸ್.

ಫೆರೈಟ್ ಕೋರ್‌ನ ಬರಿದಾದ ಕಾಲಿಗೆ ಇನ್ಸುಲೇಟೆಡ್ ತಂತಿಯಿಂದ 5+5 ಸುತ್ತು ಹಾಕಿ, ಸಾಮಾನ್ಯವಾಗಿ ಸಿಗುವ, ಟ್ರಾನ್ಸ್‌ಫಾರ್ಮರ್‌ಗೆ ವೇಗದ ಎಸಿ ಉಣಿಸುವ ಝಡ್‌ವಿಎಸ್ ಡ್ರೈವರ್ ಬೋರ್ಡನ್ನು 12 ವೋಲ್ಟ್‌ನಲ್ಲಿ ಚಾಲೂ ಮಾಡಿದರೆ ಸಾಕು. ಲೋಡ್ ಇಲ್ಲದೆ ಓಡಿಸಬಾರದು. ಔಟ್‌ಪುಟ್ ಖಾಲಿ ಬಿಟ್ಟರೆ ವೋಲ್ಟೇಜ್ ಮಿತಿಮೀರಿ ಏರಿ ಫ್ಲೈಬ್ಯಾಕ್‌ನ ಒಳಗೇ ಇನ್ಸುಲೇಶನ್ ಸುಟ್ಟುಹೋಗುತ್ತದೆ. ಹಾಗೆ ಸತ್ತ ಫ್ಲೈಬ್ಯಾಕ್ ಹೊರನೋಟಕ್ಕೆ ಹೊಸದರಂತೆಯೇ ಇರುತ್ತದೆ. ಹೊಗೆ ಇಲ್ಲ, ವಾಸನೆ ಇಲ್ಲ, ಹೈ ವೋಲ್ಟೇಜ್ ಮಾತ್ರ ಇಲ್ಲ.

ಕೆಂಪು ಕೇಬಲ್‌ಗೂ ಲಿಫ್ಟರ್‌ಗೂ ನಡುವೆ 1 ಮೆಗಾಓಮ್‌ನಷ್ಟು ರೆಸಿಸ್ಟರ್ ಇರಲೇಬೇಕು. ಒಂದೇ ರೆಸಿಸ್ಟರ್ ಹಾಕಿದರೆ ಕಿಡಿ ಅದರ ಮೈಮೇಲೆಯೇ ಹಾರಿಹೋಗುತ್ತದೆ. 47 ಕಿಲೋಓಮ್‌ನ 1 ವ್ಯಾಟ್ ರೆಸಿಸ್ಟರ್ 20ನ್ನು ಸಾಲಾಗಿ ಬೆಸುಗೆ ಹಾಕಿ, ಪ್ಲಾಸ್ಟಿಕ್ ನಳಿಗೆಯೊಳಗೆ ತೂರಿಸಿ, ಬೆಸುಗೆಯ ಚೂಪುಗಳನ್ನೆಲ್ಲ ದುಂಡಾಗಿಸಿ. ಲಿಫ್ಟರ್‌ಗೆ ಬೇಕಾದ 0.3 ಮಿಲಿಆಂಪಿಯರ್‌ನಲ್ಲಿ ಇದು ನುಂಗುವುದು ಬರೀ 300 ವೋಲ್ಟ್. ಕಿಡಿ ಬಿದ್ದಾಗ ಮಾತ್ರ ಕರೆಂಟನ್ನು 25 ಮಿಲಿಆಂಪಿಯರ್ ದಾಟದಂತೆ ತಡೆಯುತ್ತದೆ. ಇದು ಉಪಕರಣ ಉಳಿಸುವುದಕ್ಕೇ ಹೊರತು ನಿಮ್ಮ ರಕ್ಷಣೆಗೆಂದು ನಂಬಬೇಡಿ.

ನಿಯಮಗಳು ಹಳೆಯವೇ. ಒಬ್ಬರೇ ಮಾಡಬೇಡಿ. ಸ್ವಿಚ್ ಎರಡು ಮೀಟರ್ ದೂರವಿರಲಿ. ಒಂದು ಕೈ ಬೆನ್ನ ಹಿಂದೆ. ಸ್ವಿಚ್ ತೆಗೆದ ನಂತರ, ಅರ್ಧ ಮೀಟರ್ ಉದ್ದದ ಒಣ ಪ್ಲಾಸ್ಟಿಕ್ ಪೈಪಿನ ತುದಿಗೆ ಅರ್ತ್ ತಂತಿ ಕಟ್ಟಿದ ಕೊಕ್ಕೆಯನ್ನು ಹೈ ವೋಲ್ಟೇಜ್ ತುದಿಗೆ ಮುಟ್ಟಿಸಿ, ಅಲ್ಲೇ ನೇತುಹಾಕಿ, ಆಮೇಲೆ ಹತ್ತಿರ ಹೋಗಿ. ಪೇಸ್‌ಮೇಕರ್ ಇರುವವರು ಆ ಕೋಣೆಯಲ್ಲೇ ಇರಬಾರದು. ಲಿಫ್ಟರ್ ತನ್ನೊಳಗೆ ಹಿಡಿದಿಡುವ ಶಕ್ತಿ ಕೆಲವೇ ಮಿಲಿಜೂಲ್. ಅಪಾಯವಿರುವುದು ಅದಕ್ಕೆ ಉಣಿಸುವ ಸಪ್ಲೈಯಲ್ಲಿ. ಕೈಯಾರೆ ಹೈ ವೋಲ್ಟೇಜ್ ಕೆಲಸ ಮಾಡಿ ಅಭ್ಯಾಸವಿಲ್ಲದಿದ್ದರೆ, ಅಭ್ಯಾಸವಿರುವವರ ಪಕ್ಕ ನಿಂತು ಮೊದಲನೆಯದನ್ನು ನೋಡುವುದು ಜಾಣತನ.

ಪ್ರಶ್ನೆ: ವೋಲ್ಟೇಜ್, ಕರೆಂಟ್ ಅಳೆಯುವುದು ಹೇಗೆ? ಮಲ್ಟಿಮೀಟರ್ ಮಾತ್ರ ಇದೆ.

ಉತ್ತರ: ಅದೇ ಸಾಕು. ಹೈ ವೋಲ್ಟೇಜ್‌ಗೆಂದೇ ಮಾಡಿದ 1 ಗಿಗಾಓಮ್‌ನ ಉದ್ದ ರೆಸಿಸ್ಟರ್‌ನ ಒಂದು ತುದಿಯನ್ನು ಹೈ ವೋಲ್ಟೇಜ್‌ಗೆ, ಇನ್ನೊಂದು ತುದಿಯನ್ನು 1.1 ಮೆಗಾಓಮ್ ಮೂಲಕ ಅರ್ತ್‌ಗೆ ಕೊಡಿ. ಆ 1.1 ಮೆಗಾಓಮ್‌ಗೆ ಅಡ್ಡಲಾಗಿ ಮೀಟರ್. 1 ಮೆಗಾಓಮ್ ಬಿಟ್ಟು 1.1 ಯಾಕೆಂದರೆ, ಡಿಜಿಟಲ್ ಮೀಟರಿನ ಒಳಗೇ ಸಾಮಾನ್ಯವಾಗಿ 10 ಮೆಗಾಓಮ್ ಇರುತ್ತದೆ. ಎರಡೂ ಪ್ಯಾರಲಲ್ ಆದಾಗ 0.99 ಆಗಿ, ಸಾವಿರಕ್ಕೆ ಒಂದರ ಲೆಕ್ಕ ಶೇ. 1ರೊಳಗೆ ಸರಿಹೋಗುತ್ತದೆ. ಮೀಟರ್ 25 ವೋಲ್ಟ್ ತೋರಿಸಿದರೆ ಅದು 25 ಕಿಲೋವೋಲ್ಟ್.

ಕರೆಂಟನ್ನು ಅರ್ತ್ ಬದಿಯಲ್ಲೇ ಅಳೆಯಿರಿ. ಫಾಯಿಲ್‌ನಿಂದ ಅರ್ತ್‌ಗೆ ಬರುವ ತಂತಿಯಲ್ಲಿ 1 ಕಿಲೋಓಮ್ ಹಾಕಿದರೆ ಒಂದು ವೋಲ್ಟ್‌ಗೆ ಒಂದು ಮಿಲಿಆಂಪಿಯರ್. ಹಿಂದೆ ಹೇಳಿದ 1 ಮೆಗಾಓಮ್ ಇದ್ದರೆ ಕಿಡಿ ಬಿದ್ದಾಗಲೂ ಇಲ್ಲಿ 25 ವೋಲ್ಟ್‌ಗಿಂತ ಹೆಚ್ಚು ಬರುವುದಿಲ್ಲ, ಮೀಟರ್ ಉಳಿಯುತ್ತದೆ.

ಪ್ರಶ್ನೆ: ಲಿಫ್ಟರನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು ಆನ್ ಮಾಡಿದೆ. ತೂಕ ಒಮ್ಮೆ ಕಡಿಮೆ, ಒಮ್ಮೆ ಜಾಸ್ತಿ ತೋರಿಸಿ, ಕೊನೆಗೆ ತಕ್ಕಡಿಯೇ ಹಾಳಾಯಿತು.

ಉತ್ತರ: ತಕ್ಕಡಿಯ ತಪ್ಪಿಲ್ಲ. ಲಿಫ್ಟರ್ ಕೆಳಕ್ಕೆ ಊದಿದ ಗಾಳಿ ತಟ್ಟೆಗೇ ಬಡಿಯುತ್ತದೆ. ಮೇಲೆತ್ತಿದ್ದನ್ನು ಅದೇ ಗಾಳಿ ಕೆಳಕ್ಕೊತ್ತಿ ಸರಿದೂಗಿಸುವುದರಿಂದ ಓದಿಗೆ ಅರ್ಥವಿಲ್ಲ. ಜೊತೆಗೆ ತಕ್ಕಡಿಯ ಎಲೆಕ್ಟ್ರಾನಿಕ್ಸ್ ಹೈ ವೋಲ್ಟೇಜ್‌ನ ಪಕ್ಕ ಬಾಳುವುದಿಲ್ಲ.

ಏತದ ಲೆಕ್ಕದಲ್ಲಿ ಅಳೆಯಿರಿ. 60 ಸೆಂ.ಮೀ. ಉದ್ದದ ಒಣ ಕಡ್ಡಿ ಅಥವಾ ಪ್ಲಾಸ್ಟಿಕ್ ಕೊಳವೆಯನ್ನು ನಡುವೆ ಸೂಜಿಯ ಮೇಲೆ ಕೂರಿಸಿ, ಒಂದು ತುದಿಗೆ ಲಿಫ್ಟರ್, ಇನ್ನೊಂದು ತುದಿಗೆ ಸರಿತೂಕದ ಕಾಗದದ ದೊನ್ನೆ. ಹೈ ವೋಲ್ಟೇಜ್ ತಂತಿಯನ್ನು ಸೂಜಿಯ ಹತ್ತಿರದಿಂದ ಒಳಗೆ ತನ್ನಿ. ತುದಿಯಿಂದ ತಂದರೆ ತಂತಿಯ ಬಿಗುವೇ ಅರ್ಧ ಗ್ರಾಂ ಸುಳ್ಳು ಹೇಳುತ್ತದೆ. ಆನ್ ಮಾಡಿದಾಗ ಲಿಫ್ಟರ್ ಬದಿ ಏಳುತ್ತದೆ. ಅದನ್ನು ಮತ್ತೆ ಸಮಕ್ಕೆ ತರಲು ಲಿಫ್ಟರ್ ಬದಿಯ ತೋಳಿಗೆ ಎಷ್ಟು ಗ್ರಾಂ ತಂತಿ ತುಂಡು ಸಿಕ್ಕಿಸಬೇಕಾಯಿತೋ ಅದೇ ಬಲ. ಸಿಕ್ಕಿಸುವ ಮುನ್ನ ಪ್ರತಿಸಲ ಆಫ್ ಮಾಡಿ ಅರ್ತ್ ಕೊಕ್ಕೆ ಹಾಕಿ. ಕೆಳಗೆ ಅರ್ಧ ಮೀಟರ್ ಖಾಲಿ ಜಾಗವಿರಲಿ. ಚಾರ್ಜ್ ಆದ ಲಿಫ್ಟರ್ ಹತ್ತಿರದ ಮೇಜು, ಗೋಡೆ, ಏನಿದ್ದರೂ ಅದರ ಕಡೆಗೆ ಸೆಳೆತಕ್ಕೊಳಗಾಗುತ್ತದೆ, ಆ ಸೆಳೆತವನ್ನು ‘ಹೊಸ ಬಲ’ ಎಂದು ಎಣಿಸಿದವರು ಬಹಳ ಮಂದಿ.

ಪ್ರಶ್ನೆ: ಇದು ಗುರುತ್ವವನ್ನೇ ಎದುರಿಸುವ ತಂತ್ರ, ಅದನ್ನು ಮುಚ್ಚಿಟ್ಟಿದ್ದಾರೆ ಎಂದು ವಿಡಿಯೋಗಳಲ್ಲಿ ಹೇಳುತ್ತಾರೆ. ಬರೀ ಗಾಳಿ ಎಂದು ನೀವು ಹೇಗೆ ಹೇಳುತ್ತೀರಿ?

ಉತ್ತರ: ಆ ವಾದದ ಬೇರು ಅಮೆರಿಕದ ಥಾಮಸ್ ಟೌನ್ಸೆಂಡ್ ಬ್ರೌನ್‌ರಲ್ಲಿದೆ. 1920ರ ದಶಕದಲ್ಲಿ ಹೈ ವೋಲ್ಟೇಜ್ ಸಾಧನಗಳಲ್ಲಿ ಕಂಡ ಬಲಕ್ಕೂ ಗುರುತ್ವಕ್ಕೂ ಅವರು ನಂಟು ಕಲ್ಪಿಸಿದರು, 1928ರಲ್ಲಿ ಬ್ರಿಟಿಷ್ ಪೇಟೆಂಟ್ ಪಡೆದರು. ಮುಚ್ಚಿಟ್ಟದ್ದೇನೂ ಇಲ್ಲ, ಪೇಟೆಂಟ್ ಯಾರು ಬೇಕಾದರೂ ಓದಬಹುದು. 1964ರಲ್ಲಿ ಅಲೆಕ್ಸಾಂಡರ್ ಡಿ ಸೆವರ್ಸ್ಕಿ ‘ಅಯಾನೋಕ್ರಾಫ್ಟ್’ಗೆ ಪೇಟೆಂಟ್ ಪಡೆದಾಗ ಗಾಳಿಯ ಅಯಾನುಗಳ ಮಾತನ್ನೇ ಆಡಿದ್ದರು. 2004ರಲ್ಲಿ ಮಾರ್ಟಿನ್ ತಾಜ್ಮಾರ್ ಎಚ್ಚರಿಕೆಯಿಂದ ಅಳೆದು, ಬ್ರೌನ್ ಪರಿಣಾಮವೆಂಬುದು ಕೊರೋನಾ ಗಾಳಿಯನ್ನು ತಪ್ಪಾಗಿ ಅರ್ಥ ಮಾಡಿಕೊಂಡದ್ದೆಂದು ಪ್ರಕಟಿಸಿದರು.

ಅವರಿವರ ಮಾತು ಬಿಡಿ, ನೀವೇ ನೋಡಬಹುದಾದ ಮೂರು ಪರೀಕ್ಷೆಗಳಿವೆ. ಒಂದು, ಲಿಫ್ಟರನ್ನು ತಲೆಕೆಳಗೆ ಮಾಡಿ ಏತದ ತುದಿಗೆ ಕಟ್ಟಿ. ಈಗ ಅದು ಕೆಳಕ್ಕೆ ಒತ್ತುತ್ತದೆ. ಗುರುತ್ವಕ್ಕೆ ಮೇಲು ಕೆಳಗು ಗೊತ್ತು. ಲಿಫ್ಟರ್‌ಗೆ ಗೊತ್ತಿರುವುದು ತಂತಿ ಯಾವ ಕಡೆ, ಫಾಯಿಲ್ ಯಾವ ಕಡೆ ಎಂಬುದಷ್ಟೆ. ಎರಡು, ಪಾಸಿಟಿವ್ ನೆಗೆಟಿವ್ ಅದಲುಬದಲು ಮಾಡಿ. ಬಲ ಆಗಲೂ ತಂತಿಯ ಕಡೆಗೇ.

ಮೂರನೆಯದು ಸ್ವಲ್ಪ ಕಷ್ಟದ್ದು, ಆದರೆ ಬಾಯಿ ಮುಚ್ಚಿಸುವಂಥದ್ದು. ಲಿಫ್ಟರನ್ನು ಹಗುರ ರಟ್ಟಿನ ಪೆಟ್ಟಿಗೆಯೊಳಗೆ, ಎಲ್ಲ ಗೋಡೆಗಳಿಂದಲೂ ಕನಿಷ್ಠ 15 ಸೆಂ.ಮೀ. ದೂರದಲ್ಲಿ, ಪೆಟ್ಟಿಗೆಗೇ ಕಟ್ಟಿಹಾಕಿ. ಪೆಟ್ಟಿಗೆಯ ಹೊರಮೈಗೆ ಫಾಯಿಲ್ ಸುತ್ತಿ ಅರ್ತ್ ಮಾಡಿ, ಇಲ್ಲವಾದರೆ ರಟ್ಟು ಚಾರ್ಜ್ ಆಗಿ ಸುತ್ತಲಿನ ವಸ್ತುಗಳಿಗೆ ಅಂಟಿಕೊಳ್ಳಲು ಹವಣಿಸುತ್ತದೆ. ಹೈ ವೋಲ್ಟೇಜ್ ಕೇಬಲ್ ಒಳಹೋಗುವ ಕಡೆ ಸುತ್ತಲೂ 5 ಸೆಂ.ಮೀ. ಫಾಯಿಲ್ ಬಿಡಿಸಿ. ಇಡೀ ಪೆಟ್ಟಿಗೆಯನ್ನು ಮುಚ್ಚಿ ಏತಕ್ಕೆ ತೂಗುಹಾಕಿ. ಒಳಗೆ ಲಿಫ್ಟರ್ ಮೇಲಕ್ಕೆ ಜಗ್ಗುತ್ತದೆ, ಅದರ ಗಾಳಿ ಪೆಟ್ಟಿಗೆಯ ತಳಕ್ಕೆ ಒತ್ತುತ್ತದೆ, ಪೆಟ್ಟಿಗೆ ಇದ್ದಲ್ಲೇ ಇರುತ್ತದೆ. ಗುರುತ್ವ ನಿಜಕ್ಕೂ ಕಡಿಮೆಯಾಗಿದ್ದರೆ ಪೆಟ್ಟಿಗೆ ಹಗುರಾಗಬೇಕಿತ್ತಲ್ಲ?

ಪ್ರಶ್ನೆ: ದೊಡ್ಡದಾಗಿ ಮಾಡಿ, ಬ್ಯಾಟರಿಯನ್ನೂ ಅದರ ಮೇಲೇ ಇಟ್ಟು ಹಾರಿಸಬಹುದೇ? ಸದ್ದಿಲ್ಲದ ಡ್ರೋನ್ ಆಗುವುದಿಲ್ಲವೇ?

ಉತ್ತರ: ಈ ಪ್ರಶ್ನೆಗೆ ಲೆಕ್ಕವೇ ಉತ್ತರ ಕೊಡಲಿ. ಸೂತ್ರ ಸರಳ: ಕರೆಂಟನ್ನು ಅಂತರದಿಂದ ಗುಣಿಸಿ, ಗಾಳಿಯಲ್ಲಿ ಅಯಾನಿನ ಚಲನಶೀಲತೆಯಿಂದ (ವಿದ್ಯುತ್ ಕ್ಷೇತ್ರದ ಎಳೆತಕ್ಕೆ ಅದು ಎಷ್ಟು ವೇಗವಾಗಿ ಓಡುತ್ತದೆ ಎಂಬ ಅಳತೆ) ಭಾಗಿಸಿದರೆ ಬಲ. ಚಲನಶೀಲತೆ ಸುಮಾರು 0.0002 ಚದರ ಮೀಟರ್ ಪ್ರತಿ ವೋಲ್ಟ್-ಸೆಕೆಂಡ್‌ಗೆ. 0.3 ಮಿಲಿಆಂಪಿಯರ್, 3 ಸೆಂ.ಮೀ. ಹಾಕಿದರೆ 0.045 ನ್ಯೂಟನ್, ಅಂದರೆ 4.6 ಗ್ರಾಂ ಎತ್ತುವ ಬಲ. ಫಾಯಿಲ್‌ಗೆ ಗಾಳಿ ಉಜ್ಜುವುದು, ಅಯಾನು ಓರೆಯಾಗಿ ಹೋಗುವುದು ಎಂದೆಲ್ಲ ಕಳೆದು ಅರ್ಧ ಕೈಗೆ ಬಂದರೆ ಪುಣ್ಯ: 2.3 ಗ್ರಾಂ. ನಮ್ಮ 2.2 ಗ್ರಾಂ ತ್ರಿಕೋನ ಅಂತೂ ಏಳುತ್ತದೆ. ಖರ್ಚಾದ ವಿದ್ಯುತ್ 25 ಕಿಲೋವೋಲ್ಟ್ ಗುಣಿಸು 0.3 ಮಿಲಿಆಂಪಿಯರ್, 7.5 ವ್ಯಾಟ್. ಒಂದು ವ್ಯಾಟಿಗೆ 0.3 ಗ್ರಾಂ. ಸಾಧಾರಣ ಪ್ರೊಪೆಲ್ಲರ್ ಡ್ರೋನ್ ನಿಂತಲ್ಲೇ ತೇಲುವಾಗ ಒಂದು ವ್ಯಾಟಿಗೆ 5ರಿಂದ 8 ಗ್ರಾಂ ಎತ್ತುತ್ತದೆ.

ಈಗ ಬ್ಯಾಟರಿ. ಲ್ಯಾಪ್‌ಟಾಪ್‌ಗಳಲ್ಲಿ ಇರುತ್ತಿದ್ದ 18650 ಸೆಲ್ ಒಂದರ ತೂಕ ಸುಮಾರು 45 ಗ್ರಾಂ. ಅದನ್ನೊಂದೇ ಎತ್ತಲು 150 ವ್ಯಾಟ್ ಬೇಕು. ಹೆಚ್ಚು ಕರೆಂಟ್ ಕೊಡಲೆಂದೇ ಮಾಡಿದ ಸೆಲ್ಲನ್ನು ಹಿಂಡಿದರೂ 100 ವ್ಯಾಟ್ ಆಸುಪಾಸು ಸಿಕ್ಕೀತು. ತನ್ನನ್ನು ತಾನೇ ಎತ್ತಲಾರದ ಸೆಲ್ ಮೇಲೆ ಹೈ ವೋಲ್ಟೇಜ್ ಸಪ್ಲೈಯನ್ನು ಹೇರುವ ಮಾತು ದೂರವೇ ಉಳಿಯಿತು. ದೊಡ್ಡದು ಮಾಡಿದರೂ ಲಾಭವಿಲ್ಲ. ಬಲ ಹೆಚ್ಚುವುದು ತಂತಿಯ ಉದ್ದಕ್ಕೆ ತಕ್ಕಂತೆ, ತೂಕವೂ ಅದೇ ಲೆಕ್ಕದಲ್ಲಿ ಹೆಚ್ಚುತ್ತದೆ.

ಯಾಕಿಷ್ಟು ದಂಡ? 25 ಕಿಲೋವೋಲ್ಟ್‌ನಲ್ಲಿ ಅಯಾನು ಸೆಕೆಂಡಿಗೆ ಸುಮಾರು 160 ಮೀಟರ್ ವೇಗದಲ್ಲಿ ನುಗ್ಗುತ್ತದೆ, ಅದು ಎಳೆದೊಯ್ಯುವ ಗಾಳಿಯ ವೇಗ ಮಾತ್ರ ಸೆಕೆಂಡಿಗೆ ಒಂದೆರಡು ಮೀಟರ್. ಉಳಿದದ್ದೆಲ್ಲ ಡಿಕ್ಕಿಯಲ್ಲಿ ಬಿಸಿಯಾಗಿ ಹೋಗುತ್ತದೆ. ಅಂತರ ಹೆಚ್ಚಿಸಿ, ಕ್ಷೇತ್ರ ತಗ್ಗಿಸಿದರೆ ವ್ಯಾಟಿಗೆ ಸಿಗುವ ಬಲ ಏರುತ್ತದೆ. 2013ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಕಿಲೋವ್ಯಾಟಿಗೆ 110 ನ್ಯೂಟನ್‌ವರೆಗೆ, ಅಂದರೆ ವ್ಯಾಟಿಗೆ 11 ಗ್ರಾಂನಷ್ಟು ಕಂಡದ್ದುಂಟು. ಆದರೆ ಅಷ್ಟು ಮೃದುವಾಗಿ ಓಡಿಸಿದಾಗ ಒಟ್ಟು ಬಲ ಎಷ್ಟು ಸಣ್ಣದೆಂದರೆ ಕಡ್ಡಿಗಳ ತೂಕವೂ ಏಳುವುದಿಲ್ಲ.

ಅದೇ ಎಂಐಟಿಯ ಸ್ಟೀವನ್ ಬ್ಯಾರೆಟ್ ತಂಡ 2018ರಲ್ಲಿ ಜಾಣ ದಾರಿ ಹಿಡಿಯಿತು. 5 ಮೀಟರ್ ರೆಕ್ಕೆ, ಸುಮಾರು 2.45 ಕೆ.ಜಿ. ತೂಕ, ಬ್ಯಾಟರಿ ಮತ್ತು 40 ಕಿಲೋವೋಲ್ಟ್ ಸಪ್ಲೈ ಎರಡನ್ನೂ ಹೊತ್ತ ವಿಮಾನ, ಒಳಾಂಗಣದಲ್ಲಿ ಸುಮಾರು 60 ಮೀಟರ್ ಹಾರಿತು. ತೂಕ ಹೊತ್ತದ್ದು ರೆಕ್ಕೆ. ಅಯಾನು ಗಾಳಿ ಮುಂದಕ್ಕೆ ತಳ್ಳಿತಷ್ಟೆ. ನೆಟ್ಟಗೆ ಮೇಲೇಳಿಸುವುದಕ್ಕಿಂತ ಹೀಗೆ ತಳ್ಳಲು ಎಷ್ಟೋ ಪಾಲು ಕಡಿಮೆ ಬಲ ಸಾಕು. ನಿಮಗೆ ಹಾರುವ ಯಂತ್ರದ ಹಂಬಲವೇ ಇದ್ದರೆ ತ್ರಿಕೋನ ಬಿಟ್ಟು ರೆಕ್ಕೆಯ ಕಡೆ ತಿರುಗಿ.

ಪ್ರಶ್ನೆ: ಲಿಫ್ಟರ್ ಓಡಿಸಿದರೆ ಒಂಥರಾ ವಾಸನೆ ಬರುತ್ತದೆ. ತೊಂದರೆಯೇ?

ಉತ್ತರ: ಓಝೋನ್. ಗಂಟಲು ಕೆರೆತ, ತಲೆನೋವು ಬರಿಸುತ್ತದೆ, ಆಸ್ತಮಾ ಇದ್ದವರಿಗೆ ಒಳ್ಳೆಯದಲ್ಲ. ಕಿಟಕಿ ತೆರೆದು, ಒಂದು ನಿಮಿಷಕ್ಕಿಂತ ಹೆಚ್ಚು ಒಮ್ಮೆಗೆ ಓಡಿಸದಿರಿ. ತಂತಿಗೆ ನೆಗೆಟಿವ್ ಕೊಟ್ಟರೆ ಓಝೋನ್ ಇನ್ನೂ ಹೆಚ್ಚು. ಪಾಸಿಟಿವ್ ಕೊಡಿ ಎಂದದ್ದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಎಲೆಕ್ಟ್ರೋಮ್ಯಾಗ್ನೆಟ್, ಕಾಂತಕ್ಷೇತ್ರ ಅಳೆಯುವ ಹಾಲ್ ಸೆನ್ಸರ್, ಕರೆಂಟಿಗೆ ಸ್ವಿಚ್ಚಿನಂತಿರುವ ಮಾಸ್ಫೆಟ್ ಬಳಸಿ ಅಯಸ್ಕಾಂತವನ್ನು ಗಾಳಿಯಲ್ಲಿ ತೂಗುಹಾಕಲು ನೋಡಿದೆ. ಗಡಗಡ ನಡುಗಿ ಒಂದೋ ಕೋರ್‌ಗೆ ಅಂಟುತ್ತದೆ, ಇಲ್ಲವೇ ಬೀಳುತ್ತದೆ.

ಉತ್ತರ: ನಡುಗುತ್ತಿದೆ ಎಂದರೆ ಗೆಲುವಿನ ಹತ್ತಿರ ಇದ್ದೀರಿ. ನಿಮ್ಮ ಸರ್ಕ್ಯೂಟ್ ಅಯಸ್ಕಾಂತ ಎಲ್ಲಿದೆ ಎಂದು ನೋಡುತ್ತಿದೆ, ಎಷ್ಟು ವೇಗದಲ್ಲಿ ಎತ್ತ ಹೋಗುತ್ತಿದೆ ಎಂದು ನೋಡುತ್ತಿಲ್ಲ. ಬೀಳುತ್ತಿರುವುದನ್ನು ಹಿಡಿಯುವಷ್ಟರಲ್ಲಿ ಅದು ಮೇಲಕ್ಕೆ ಹೊರಟಿರುತ್ತದೆ. ಆಗಲೂ ಎಳೆಯುತ್ತಲೇ ಇರುತ್ತೀರಿ. ಸೆನ್ಸರ್ ಮತ್ತು ಆಪ್‌ಆಂಪ್ (ಸಿಗ್ನಲ್ ವರ್ಧಿಸುವ ಚಿಪ್) ನಡುವಿನ ರೆಸಿಸ್ಟರ್‌ಗೆ ಪ್ಯಾರಲಲ್ ಆಗಿ ಕೆಪಾಸಿಟರ್ ಸೇರಿಸಿ. ಬದಲಾವಣೆ ವೇಗವಾಗಿದ್ದಷ್ಟೂ ಸಿಗ್ನಲ್ ಜೋರಾಗಿ ದಾಟುತ್ತದೆ. 100 ಕಿಲೋಓಮ್‌ಗೆ 0.1 ಮೈಕ್ರೋಫ್ಯಾರಡ್‌ನಿಂದ ಆರಂಭಿಸಿ (10 ಮಿಲಿಸೆಕೆಂಡ್), ಕೆಪಾಸಿಟರ್‌ನ ಸಾಲಿನಲ್ಲಿ 10 ಕಿಲೋಓಮ್ ಇಟ್ಟರೆ ಗದ್ದಲ ತಗ್ಗುತ್ತದೆ.

ಮಿಲಿಸೆಕೆಂಡಿನ ಲೆಕ್ಕ ಯಾಕೆಂದರೆ, ಕೋರ್‌ನಿಂದ ಒಂದೂವರೆ ಸೆಂ.ಮೀ. ಕೆಳಗೆ ತೂಗುವ ಅಯಸ್ಕಾಂತ ಸುಮಾರು 20 ಮಿಲಿಸೆಕೆಂಡಿನಲ್ಲಿ ಕೈತಪ್ಪುತ್ತದೆ. ಕಾಯಿಲ್‌ನ ಕರೆಂಟ್ ಅದಕ್ಕಿಂತ ಬಹಳ ಬೇಗ ಏರಿಳಿಯಬೇಕು. 8 ಮಿ.ಮೀ. ಬೋಲ್ಟ್ ಮೇಲೆ 0.4 ಮಿ.ಮೀ. ತಂತಿಯ 800 ಸುತ್ತು ಹಾಕಿದರೆ ರೆಸಿಸ್ಟೆನ್ಸ್ 6–7 ಓಮ್. ಇಂಡಕ್ಟೆನ್ಸ್ 20 ಮಿಲಿಹೆನ್ರಿ ಎಂದಿಟ್ಟುಕೊಂಡರೆ ಕರೆಂಟ್ ಏರಿಳಿಯಲು ಹಿಡಿಯುವ ಕಾಲ ಸುಮಾರು 3 ಮಿಲಿಸೆಕೆಂಡ್, ಪರವಾಗಿಲ್ಲ. ಬಲ ಸಾಲದೆಂದು 3,000 ಸುತ್ತು ಹಾಕಲು ಹೋಗಬೇಡಿ: ಸುತ್ತು ಹೆಚ್ಚಿದಂತೆ ಇಂಡಕ್ಟೆನ್ಸ್ ಅದರ ವರ್ಗದ ಲೆಕ್ಕದಲ್ಲಿ ಏರಿ, 12 ವೋಲ್ಟ್‌ನಿಂದ ಕರೆಂಟನ್ನು ಬೇಗ ಎಬ್ಬಿಸಲಾಗದು.

ಇನ್ನೊಂದು ಮೂಲ ದೋಷ ಸೆನ್ಸರಿನ ಜಾಗ. ಕೋರ್‌ನ ತುದಿಗೆ ಅಂಟಿಸಿದ ಹಾಲ್ ಸೆನ್ಸರ್ ಅಯಸ್ಕಾಂತವನ್ನಷ್ಟೇ ಅಲ್ಲ, ಕಾಯಿಲ್ ಅನ್ನೂ ನೋಡುತ್ತದೆ. ತನ್ನ ಕೂಗಿಗೆ ತಾನೇ ಓಗೊಟ್ಟಂತೆ. ಇನ್ನೊಂದು ಹಾಲ್ ಸೆನ್ಸರನ್ನು ಕಾಯಿಲ್‌ನ ಮೇಲ್ತುದಿಯಲ್ಲಿಟ್ಟು ಎರಡರ ವ್ಯತ್ಯಾಸ ತೆಗೆದರೆ ಕಾಯಿಲ್‌ನ ಪಾಲು ಬಹುಮಟ್ಟಿಗೆ ಕಳೆದುಹೋಗುತ್ತದೆ. 49ಇ ಬಗೆಯ ಸೆನ್ಸರ್ 5 ವೋಲ್ಟ್‌ನಲ್ಲಿ ಕ್ಷೇತ್ರವಿಲ್ಲದಾಗ 2.5 ವೋಲ್ಟ್ ಕೊಡಬೇಕು. ಕಾಯಿಲ್‌ಗೆ ಕರೆಂಟ್ ಕೊಟ್ಟು, ಅಯಸ್ಕಾಂತವನ್ನು ತೂಗಬೇಕಾದ ಜಾಗದಲ್ಲಿ ಕೈಯಲ್ಲಿ ಹಿಡಿದಾಗ ಅದು 4 ವೋಲ್ಟ್ ದಾಟಿದರೆ ಸೆನ್ಸರ್ ತುಂಬಿಹೋಗಿದೆ ಎಂದರ್ಥ, ಅಂತರ ಹೆಚ್ಚಿಸಿ.

ಪ್ರಶ್ನೆ: ವಿದ್ಯುತ್ ಏನೂ ಇಲ್ಲದೆ, ಬರೀ ಅಯಸ್ಕಾಂತಗಳನ್ನೇ ಸರಿಯಾಗಿ ಜೋಡಿಸಿ ತೇಲಿಸುವ ಜೋಡಣೆ ಇದೆಯೇ?

ಉತ್ತರ: ನಿಂತಲ್ಲೇ ನಿಲ್ಲುವಂತೆ, ಸ್ಥಿರ ಅಯಸ್ಕಾಂತಗಳಷ್ಟರಿಂದಲೇ ಇಲ್ಲ. 1842ರಲ್ಲೇ ಸ್ಯಾಮ್ಯುಯೆಲ್ ಅರ್ನ್‌ಶಾ ಇದನ್ನು ಗಣಿತದಲ್ಲಿ ತೋರಿಸಿಕೊಟ್ಟರು. ತಿರುಗುವ ಬುಗುರಿಯಾಗಿಸಿದರೆ, ಅಥವಾ ಪೈರೋಲಿಟಿಕ್ ಗ್ರಾಫೈಟ್‌ನಂಥ ಕಾಂತಕ್ಕೆ ಹಿಮ್ಮೆಟ್ಟುವ ವಸ್ತು ಸೇರಿಸಿದರೆ ಆಗುತ್ತದೆ. ನಿಯೋಡೈಮಿಯಂ ತುಂಡು ನಾಲ್ಕನ್ನು ಉತ್ತರ ದಕ್ಷಿಣ ಅದಲುಬದಲಾಗಿ ಚೌಕದಲ್ಲಿ ಜೋಡಿಸಿ ಅದರ ಮೇಲೆ ತೆಳು ಗ್ರಾಫೈಟ್ ಹಾಳೆ ಇಡಿ. ಒಂದು ಮಿಲಿಮೀಟರೂ ಇಲ್ಲದ ಸಂದಿನಲ್ಲಿ, ಬ್ಯಾಟರಿಯಿಲ್ಲದೆ, ವರ್ಷಗಟ್ಟಲೆ ತೇಲುತ್ತದೆ. ನಮಗೆ ಕೇಳಿದರೆ ಈ ಅಂಕಣದಲ್ಲಿರುವ ಎಲ್ಲಕ್ಕಿಂತ ಚೆಂದದ ಪ್ರಯೋಗ ಅದೇ.

ಪ್ರಶ್ನೆ: ಹಾಗಾದರೆ ಲಿಫ್ಟರ್‌ನಿಂದ ನಿಜ ಬಳಕೆ ಏನೂ ಇಲ್ಲವೇ? ಪ್ರಾಜೆಕ್ಟ್‌ಗೆ ಯಾವುದನ್ನು ಆರಿಸಲಿ?

ಉತ್ತರ: ಎತ್ತುವುದಕ್ಕಿಲ್ಲ, ಊದುವುದಕ್ಕಿದೆ. ಕಾರ್ಖಾನೆ ಚಿಮಣಿಗಳ ಹೊಗೆಯಿಂದ ಧೂಳು ಹಿಡಿಯುವ ಎಲೆಕ್ಟ್ರೋಸ್ಟ್ಯಾಟಿಕ್ ಪ್ರೆಸಿಪಿಟೇಟರ್ ಇದೇ ತಂತಿ ಮತ್ತು ತಗಡಿನ ಜೋಡಿ. ಫ್ರೆಡ್ರಿಕ್ ಕಾಟ್ರೆಲ್ 1900ರ ದಶಕದಲ್ಲೇ ಅದನ್ನು ಬಳಕೆಗೆ ತಂದರು. ಅಯಸ್ಕಾಂತದಿಂದ ತೇಲಿಸುವ ಬಗೆಯಂತೂ ರೈಲಿನಿಂದ ಹಿಡಿದು ನಿರ್ವಾತ ಪಂಪುಗಳ ಬೇರಿಂಗ್‌ವರೆಗೆ ಕೆಲಸದಲ್ಲಿದೆ. ಜಪಾನಿನ ಮ್ಯಾಗ್ಲೆವ್ ರೈಲು 2015ರಲ್ಲಿ ಪರೀಕ್ಷೆಯಲ್ಲಿ ಗಂಟೆಗೆ 603 ಕಿ.ಮೀ. ಮುಟ್ಟಿತು.

ಪ್ರಾಜೆಕ್ಟ್‌ಗೆ ಲಿಫ್ಟರನ್ನೇ ಆರಿಸುವುದಾದರೆ ಹಾರಿಸಿ ತೋರಿಸುವುದರಲ್ಲಿ ಮುಗಿಸಬೇಡಿ, ಅಳೆಯಿರಿ. ತಂತಿ ಫಾಯಿಲ್ ಅಂತರವನ್ನು 20, 30, 40, 50 ಮಿ.ಮೀ. ಇಟ್ಟು, ಪ್ರತಿಯೊಂದರಲ್ಲೂ ವೋಲ್ಟೇಜ್, ಕರೆಂಟ್, ಬಲ ಬರೆದುಕೊಂಡು, ವ್ಯಾಟಿಗೆ ಎಷ್ಟು ಗ್ರಾಂ ಎಂದು ಗೆರೆ ಎಳೆಯಿರಿ. ಪ್ರತಿ ಅಂತರಕ್ಕೂ ಐದು ಓದು ಸಾಕು. ಪ್ರತಿ ಓದಿನ ಮೊದಲು ತಂತಿಯನ್ನು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ, ಸ್ಪಿರಿಟ್ ಪೂರ್ತಿ ಆರಿದ ಮೇಲೆಯೇ ಸ್ವಿಚ್ ಹಾಕಿ. ಧೂಳು ಕೂತ ತಂತಿಯಲ್ಲಿ ಕೊರೋನಾ ಚುಕ್ಕಿಚುಕ್ಕಿಯಾಗಿ ಒಡೆದು ಅಂಕಿಗಳು ಹೊಂದಿಕೆಯಾಗುವುದಿಲ್ಲ.